ಒಳ್ಳೆಯ ದಿನದಲ್ಲೇ ಮಾಡಿಕೊಳ್ಳಬೇಕಾದ ಏರ್ಪಾಡು

ಮಗಾ, ನಮ್ಮೂರು ಕೆಂಕೆರೆಯಿಂದ ತಿಪಟೂರಿಗೋ ತುಮಕೂರಿಗೋ ಬೆಂಗಳೂರಿಗೋ ಓದಲು, ದುಡಿಯಲು ಹೋಗಿರುವ ನಿಮ್ಮಲ್ಲಿ ಕೆಲವರ ಜೇಬಿನಲ್ಲಿ ಒಂದು ಚೀಟಿ ಇದೆ. ಡಾಕ್ಟರು ಅದರಲ್ಲಿ ಡಿಪ್ರೆಶನ್ ಎಂದೋ ಬೈಪೋಲಾರ್ ಎಂದೋ ಬರೆದಿದ್ದಾರೆ. ಊರಿಗೆ ಬಂದಾಗ ಮಾತ್ರೆಯನ್ನು ಬ್ಯಾಗಿನ ತಳಕ್ಕೆ ತಳ್ಳಿ, ಅವ್ವ ಕೇಳಿದರೆ ‘ಗ್ಯಾಸ್ಟ್ರಿಕ್‌ಗೆ’ ಅನ್ನುತ್ತೀರಿ. ಯಾಕೆ ಬಚ್ಚಿಡುತ್ತೀರಿ ಅನ್ನುವುದು ನನಗೆ ಗೊತ್ತು. ನಮ್ಮ ಕಡೆ ಹೆಣ್ಣು ಕೊಡುವವರು, ತರುವವರು ಮೊದಲು ವಿಚಾರಿಸುವುದೇ ಇದನ್ನು. ಆದರೆ ಆ ಕಾಯಿಲೆಯ ಜೊತೆಗೇ ಬರುವ ಇನ್ನೊಂದು ಮಾತಿದೆ. ಅದನ್ನು ಮನೆಯಲ್ಲೂ ಆಡುವುದಿಲ್ಲ, ಗೆಳೆಯರೊಡನೆಯೂ ಆಡುವುದಿಲ್ಲ. ಸತ್ತುಹೋಗಬೇಕು ಅನ್ನಿಸುವ ಮಾತು ಅದು. ಇವತ್ತು ಅದನ್ನೇ ಬಾಯಿಬಿಟ್ಟು ಆಡೋಣ.

ನಾನು ಡಾಕ್ಟರಲ್ಲ, ಮೇಷ್ಟ್ರಾಗಿದ್ದವನು. ನನ್ನ ಒಡಹುಟ್ಟಿದ ತಮ್ಮನಿಗೆ ಬೈಪೋಲಾರ್ ಇದೆ. ಮೀಸೆ ಚಿಗುರುವ ವಯಸ್ಸಿನಲ್ಲಿ ಶುರುವಾದದ್ದು. ಒಂದು ಕಾಲಕ್ಕೆ ನಿದ್ದೆಯಿಲ್ಲದೆ ಊರೆಲ್ಲ ಸುತ್ತಿ ಸಾಲ ಮಾಡುತ್ತಿದ್ದ, ಇನ್ನೊಂದು ಕಾಲಕ್ಕೆ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಈಗ ಅವನಿಗೆ ಅರವತ್ತು ದಾಟಿದೆ. ತೋಟ ಅವನದೇ ಉಸ್ತುವಾರಿ, ಮೊಮ್ಮಗಳಿಗೆ ಜಡೆ ಹಾಕುವುದೂ ಅವನೇ. ಅವನ ಜೊತೆ ಆಸ್ಪತ್ರೆಗೆ ಓಡಾಡುತ್ತ, ಡಾಕ್ಟರುಗಳನ್ನು ಕೇಳುತ್ತ, ಸಿಕ್ಕಿದ್ದನ್ನು ಓದುತ್ತ ತಿಳಿದುಕೊಂಡದ್ದನ್ನು ನಿನಗೆ ಹೇಳುತ್ತಿದ್ದೇನೆ.

ಮೊದಲು ಈ ಅಪಾಯ ಎಷ್ಟು ದೊಡ್ಡದು ಅನ್ನುವುದನ್ನು ನೋಡೋಣ. ಡೆನ್ಮಾರ್ಕಿನಲ್ಲಿ ಹುಟ್ಟಿದವರೆಲ್ಲರ ಆಸ್ಪತ್ರೆಯ ಲೆಕ್ಕವೂ ಸರ್ಕಾರದ ದಾಖಲೆಯಲ್ಲಿರುತ್ತದೆ. ಮಾನಸಿಕ ಕಾಯಿಲೆಗೆ ಮೊದಲ ಸಲ ಆಸ್ಪತ್ರೆಯ ಮೆಟ್ಟಿಲು ಹತ್ತಿದವರನ್ನು ಎಷ್ಟೋ ವರ್ಷ ಗಮನಿಸಿ, ಅಲ್ಲಿನವರು 2011ರಲ್ಲಿ ಒಂದು ಲೆಕ್ಕ ಕೊಟ್ಟರು. ಬೈಪೋಲಾರ್ ಇದ್ದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಜನ, ಹೆಂಗಸರಲ್ಲಿ ಸುಮಾರು 5 ಜನ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು. ಖಿನ್ನತೆ ಇದ್ದವರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಕಾಯಿಲೆ ಇಲ್ಲದವರಿಗೆ ಹೋಲಿಸಿದರೆ ಇದು ಎಷ್ಟೋ ಪಟ್ಟು ಹೆಚ್ಚು, ಹಗುರವಾಗಿ ತೆಗೆದುಕೊಳ್ಳುವ ಮಾತೇ ಅಲ್ಲ. ಆದರೂ ಇನ್ನೊಂದು ಕಡೆಯಿಂದ ನೋಡು. ಆಸ್ಪತ್ರೆಗೆ ಹೋಗುವಷ್ಟು ಜೋರಾದ ಕಾಯಿಲೆ ಇದ್ದವರಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಆ ದಾರಿ ಹಿಡಿಯಲಿಲ್ಲ. ಇಬ್ಬರಿದ್ದಾರೆ ಅಂದುಕೋ, ಇಬ್ಬರಿಗೂ ಅದೇ ಕಾಯಿಲೆ, ಅದೇ ಮಾತ್ರೆ. ಹಾಗಿದ್ದೂ ಒಬ್ಬನ ಜೀವಕ್ಕೆ ಅಪಾಯ ಹತ್ತಿರ ಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ. ಯಾಕೆ?

ನ್ಯೂಯಾರ್ಕಿನಲ್ಲಿ ಜಾನ್ ಮಾನ್ ಎಂಬ ಮನೋವೈದ್ಯರ ತಂಡ ಇದೇ ಪ್ರಶ್ನೆ ಹಿಡಿದು 347 ರೋಗಿಗಳನ್ನು ಪರೀಕ್ಷಿಸಿ 1999ರಲ್ಲಿ ಬರೆಯಿತು. ಹಿಂದೆ ಜೀವ ಕಳೆದುಕೊಳ್ಳಲು ಹೋಗಿದ್ದವರಿಗೂ ಹೋಗದವರಿಗೂ, ಡಾಕ್ಟರು ಅಳೆದು ನೋಡಿದ ಕಾಯಿಲೆಯ ತೀವ್ರತೆಯಲ್ಲಿ ಅಂಥ ವ್ಯತ್ಯಾಸವೇ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಆ ನೋವು ಅವರವರಿಗೆ ಎಷ್ಟು ದೊಡ್ಡದಾಗಿ ಕಾಣುತ್ತಿತ್ತು, ಬದುಕಲು ಕಾರಣಗಳೆಷ್ಟು ಕಾಣುತ್ತಿದ್ದವು ಅನ್ನುವುದರಲ್ಲಿ. ಜೊತೆಗೆ, ಮೊದಲಿನಿಂದಲೂ ದುಡುಕಿನ ಸ್ವಭಾವವೇ, ಸಿಟ್ಟು ಬಂದಾಗ ಕೈ ಮುಂದಾಗುತ್ತಿತ್ತೇ ಅನ್ನುವುದರಲ್ಲಿ. ಕಾಯಿಲೆ ಒಂದು ಎಳೆ, ಸ್ವಭಾವ ಇನ್ನೊಂದು ಎಳೆ, ಹೊರಗಿನಿಂದ ಬಂದ ಪೆಟ್ಟು ಮತ್ತೊಂದು. ಎಲ್ಲ ಒಟ್ಟಿಗೆ ಬಿಗಿದುಕೊಂಡ ಗಳಿಗೆಯೇ ಅಪಾಯದ ಗಳಿಗೆ. ಹಾಗಾಗಿ ಇದರಲ್ಲಿ ಯಾವುದೊಂದನ್ನು ಸಡಿಲ ಮಾಡಿದರೂ ಜೀವ ಉಳಿಯುವ ದಾರಿ ತೆರೆಯುತ್ತದೆ. ನಾನು ಹೇಳುವುದಕ್ಕೆಲ್ಲ ಇದೇ ಬುಡ.

ಸ್ವಭಾವ ಅಂದೆ. ಅದಕ್ಕೂ ಮೆದುಳಿನಲ್ಲಿ ಬೇರು ಇದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ 1995ರಲ್ಲಿ ಶುರುವಾದ ಮೆದುಳಿನ ಬ್ಯಾಂಕ್ ಇದೆ. ಅದರ ಮ್ಯೂಸಿಯಮ್ಮಿಗೆ ಸಾಮಾನ್ಯ ಜನರೂ ಹೋಗಿ ನಿಜವಾದ ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಬೆಂಗಳೂರಿನಲ್ಲಿರುವವರು ಒಮ್ಮೆ ಹೋಗಿ ನೋಡಿ. ನಮ್ಮ ಸಿಟ್ಟು, ದುಃಖ, ಆಸೆಗಳೆಲ್ಲ ನಡೆಯುವುದು ಆ ಮುಷ್ಟಿ ಮಾಂಸದಲ್ಲಿ ಎಂದು ಕಣ್ಣಾರೆ ಕಂಡವರು ಆಮೇಲೆ ‘ಅವನಿಗೆ ತಲೆ ಕೆಟ್ಟಿದೆ’ ಎಂದು ಅಷ್ಟು ಸಲೀಸಾಗಿ ಆಡಲಾರರು.

ಹಣೆಯ ಹಿಂದೆ ಇರುವ ಮೆದುಳಿನ ಮುಂಭಾಗಕ್ಕೆ ತಡೆಯುವ ಕೆಲಸ, ತೂಗಿ ನೋಡುವ ಕೆಲಸ. ಒಳಗೆ ಭಯ, ಸಿಟ್ಟು ಎದ್ದಾಗ ‘ತಾಳು, ನಾಳೆ ನೋಡೋಣ’ ಅನ್ನುವುದು ಅದೇ. ಆ ಭಾಗಕ್ಕೆ ಬೇಕಾದ ರಾಸಾಯನಿಕಗಳಲ್ಲಿ ಸೆರೊಟೊನಿನ್ ಒಂದು. ಸ್ವೀಡನ್ನಿನ ಮಾರಿ ಓಸ್‌ಬರ್ಗ್ ಎಂಬ ವೈದ್ಯೆ ಖಿನ್ನತೆಯ ರೋಗಿಗಳ ಬೆನ್ನುಹುರಿಯ ದ್ರವ ಪರೀಕ್ಷೆ ಮಾಡಿ, ಸೆರೊಟೊನಿನ್ ಕರಗಿದ ಮೇಲೆ ಉಳಿಯುವ ವಸ್ತು ಕಡಿಮೆ ಇದ್ದವರಲ್ಲಿ ಆತ್ಮಹತ್ಯೆಯ ಪ್ರಯತ್ನಗಳು ಹೆಚ್ಚೆಂದು 1976ರಲ್ಲೇ ತೋರಿಸಿದರು. ಫ್ರಾನ್ಸಿನಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು, 2005ರಲ್ಲಿ ಪ್ರಕಟವಾದದ್ದು. ಇಸ್ಪೀಟು ಎಲೆಗಳ ಆಟ. ಕೆಲವು ಕಟ್ಟುಗಳಲ್ಲಿ ಈಗಲೇ ದೊಡ್ಡ ಲಾಭ, ಆದರೆ ಕೊನೆಗೆ ನಷ್ಟ. ಉಳಿದವುಗಳಲ್ಲಿ ಸಣ್ಣ ಲಾಭ, ಆದರೆ ಕೊನೆಗೆ ಕೈಯಲ್ಲಿ ಉಳಿಯುತ್ತದೆ. ಹಿಂದೆ ಜೀವ ಕಳೆದುಕೊಳ್ಳಲು ಹೋಗಿದ್ದವರು, ಕಾಯಿಲೆ ವಾಸಿಯಾಗಿ ಚೆನ್ನಾಗಿರುವ ದಿನಗಳಲ್ಲೂ, ನಷ್ಟದ ಕಟ್ಟಿಗೇ ಹೆಚ್ಚು ಕೈ ಹಾಕುತ್ತಿದ್ದರು. ಈಗಿನ ಸುಖವೋ ನೋವೋ ಅವರಿಗೆ ಅಷ್ಟು ದೊಡ್ಡದಾಗಿ, ನಾಳೆಯದು ಅಷ್ಟು ಸಣ್ಣದಾಗಿ ಕಾಣುತ್ತದೆ.

ನನ್ನನ್ನು ಬಹಳ ಕಾಡಿದ್ದು ಮಾರ್ಕ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ಕಂಡುಕೊಂಡದ್ದು. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರಿಗೆ ‘ಸಂತೋಷ’ದಂಥ ಒಂದು ಮಾತು ಕೊಟ್ಟು, ಅದಕ್ಕೆ ತಕ್ಕ ಒಂದು ದಿನವನ್ನು ನೆನಪು ಮಾಡಿಕೊಳ್ಳಲು ಹೇಳಿದರೆ, ಇಂಥ ದಿನ, ಇಂಥ ಜಾಗ ಎಂದು ನೆನಪು ಮೂಡುತ್ತಿರಲಿಲ್ಲ. ‘ಚಿಕ್ಕವನಾಗಿದ್ದಾಗ ಚೆನ್ನಾಗಿತ್ತು’ ಎಂಬಂಥ ಮಸುಕಾದ ಉತ್ತರ ಬರುತ್ತಿತ್ತು. ಇಂತಿಂಥ ಕಷ್ಟ ಬಂದಾಗ ಹೀಗೆ ಹೀಗೆ ದಾಟಿದೆ ಅನ್ನುವುದು ಬಿಡಿಬಿಡಿಯಾಗಿ ನೆನಪಿಗೆ ಬಾರದಿದ್ದರೆ, ಮುಂದಿನ ಕಷ್ಟ ದಾಟುವ ದಾರಿ ಎಲ್ಲಿಂದ ಹೊಳೆದೀತು? ನನ್ನ ತಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಾಗ ‘ಎಲ್ಲ ಸರಿಹೋಗುತ್ತೆ ಕಣೋ’ ಎಂದರೆ ಅವನ ಕಿವಿಗೇ ಬೀಳುತ್ತಿರಲಿಲ್ಲ. ‘ಕೆರೆ ಕೋಡಿ ಬಿದ್ದ ವರ್ಷ ನೀನು ಬಾಳೆದಿಂಡಿನ ಮೇಲೆ ಈಜಿದ್ದು, ಅವ್ವ ಬರಲು ಹಿಡಿದು ಬಂದದ್ದು’ ಎಂದರೆ ಒಮ್ಮೆ ತಿರುಗಿ ನೋಡುತ್ತಿದ್ದ. ಗೆಳೆಯನಿಗೆ ಸಮಾಧಾನ ಹೇಳಲು ಹೋದಾಗ ಇದು ನಿನಗೂ ಉಪಯೋಗಕ್ಕೆ ಬರುತ್ತದೆ. ಅವನು ಗೆದ್ದ ಒಂದು ದಿನವನ್ನು ಹೆಸರು, ಜಾಗ, ಬಿಸಿಲು, ಮಳೆಯ ಸಮೇತ ಅವನ ಮುಂದಿಡು.

ಈ ಅಪಾಯ ಮನೆತನದಲ್ಲಿ ಬರುತ್ತದೆಯೇ ಎಂದು ಹೆದರುವವರೂ ನಿಮ್ಮಲ್ಲಿದ್ದೀರಿ. ಸ್ವಲ್ಪ ಮಟ್ಟಿಗೆ ಬರುತ್ತದೆ. ಎಳವೆಯಲ್ಲಿ ತಿಂದ ಹೊಡೆತ, ಅವಮಾನಗಳೂ ದೇಹ ಒತ್ತಡ ತಡೆದುಕೊಳ್ಳುವ ಬಗೆಯನ್ನು ಮಾರ್ಪಡಿಸುತ್ತವೆ. ಆದರೆ ಬರುವುದು ಒಲವು ಮಾತ್ರ. ನಾನು ಹೇಳಿದ ಈ ಸಂಶೋಧನೆಗಳೆಲ್ಲ ಗುಂಪಿನ ಲೆಕ್ಕ. ಯಾರದೇ ತಲೆಯನ್ನು ಸ್ಕ್ಯಾನ್ ಮಾಡಿ ‘ಇವನು ಹೀಗೆ ಸಾಯುತ್ತಾನೆ’ ಎಂದು ಹೇಳಬಲ್ಲ ಯಂತ್ರ ಭೂಮಿಯ ಮೇಲಿಲ್ಲ. ಚಿಕ್ಕಪ್ಪನಿಗೆ ಆದದ್ದು ನಿನ್ನ ಹಣೆಯಲ್ಲೂ ಬರೆದಿದೆ ಅಂದುಕೊಳ್ಳಬೇಡ.

ಈಗ ನಿನ್ನ ಸ್ವಭಾವವನ್ನು ನೀನೇ ಒರೆಗೆ ಹಚ್ಚು. ಮೂಗಿನ ಮೇಲೆ ಕೋಪ ಇರುವವನಾದರೆ ನಿನ್ನ ಅಪಾಯ ಇರುವುದು ಗಳಿಗೆಗಳಲ್ಲಿ. ಆ ಅಲೆ ಏರಿದಷ್ಟೇ ಬೇಗ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಎಲ್ಲದರಲ್ಲೂ ಮೊದಲು ಬರಬೇಕು, ಒಂದು ಅಂಕ ಕಡಿಮೆಯಾದರೂ ಮುಖ ತೋರಿಸಬಾರದು ಅನ್ನುವವಳಾದರೆ, ನಿನ್ನ ಕಾಯಿಲೆ ನಿನ್ನ ಈ ಗುಣವನ್ನೇ ನಿನ್ನ ಮೇಲೆ ತಿರುಗಿಸುತ್ತದೆ. ‘ನಾನು ಎಲ್ಲರಿಗೂ ಹೊರೆ, ನಾನಿಲ್ಲದಿದ್ದರೆ ಅವರಿಗೆ ಸುಖ’ ಎಂಬ ಲೆಕ್ಕವನ್ನು ಖಿನ್ನತೆ ಎಷ್ಟು ಅಚ್ಚುಕಟ್ಟಾಗಿ ಬರೆದು ತೋರಿಸುತ್ತದೆಂದರೆ, ಓದಿ ಬರೆದವರೂ ನಂಬಿಬಿಡುತ್ತಾರೆ. ಮಗಳನ್ನು ಕಳೆದುಕೊಂಡ ಮನೆಯನ್ನು ಒಳಹೊಕ್ಕು ನೋಡಿದ್ದೇನೆ ಕಣವ್ವಾ. ಅಲ್ಲಿ ಯಾರ ಹೊರೆಯೂ ಇಳಿದಿರಲಿಲ್ಲ.

ನಮ್ಮ ಸೀಮೆಯಲ್ಲಿ ನಾನು ಹೆಚ್ಚು ಹೆದರುವುದು ಬಾಯಿ ಬಿಡದವರ ಬಗ್ಗೆ. ಕೊಳವೆಬಾವಿ ಬತ್ತಿದೆ, ಸೊಸೈಟಿ ಸಾಲ ನಿಂತಿದೆ, ತೆಂಗಿಗೆ ರಸ ಸೋರುವ ರೋಗ ಬಿದ್ದಿದೆ, ಮನೆಯಲ್ಲಿ ಮಾತ್ರ ಒಂದು ಸೊಲ್ಲಿಲ್ಲ. ಸೋಲನ್ನು ಬಾಯಲ್ಲಿ ಹೇಳುವುದೇ ಮಾನ ಹೋಗುವುದು ಅಂದುಕೊಂಡಿದ್ದಾರೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಕೂಗುತ್ತಿದ್ದರು. ‘ತೆಂಗಿನ ಕಾಲ ಮುಗಿಯಿತು’ ಎಂದು ಗಟ್ಟಿಮನಸ್ಸಿನವರೇ ಕೈಚೆಲ್ಲಿದ್ದರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿ ಮೇಲೇರಿತು. ಬೆಲೆ ಏರಿದ್ದರಿಂದ ಎಲ್ಲರ ಕಷ್ಟ ತೀರಿತು ಅನ್ನುತ್ತಿಲ್ಲ. ನಾಳೆ ಏನೂ ಇಲ್ಲ ಎಂದು ಅಷ್ಟು ಖಚಿತವಾಗಿ ಅನ್ನಿಸುತ್ತದಲ್ಲ, ಆ ಖಚಿತತೆಯನ್ನು ನಂಬಬೇಡ ಅನ್ನುತ್ತಿದ್ದೇನೆ. ಆರನ್ ಬೆಕ್ ಎಂಬ ಮನೋವೈದ್ಯರು ಎಷ್ಟೋ ವರ್ಷ ರೋಗಿಗಳನ್ನು ಗಮನಿಸಿ ಇದನ್ನೇ ಹೇಳಿದರು. ದುಃಖಕ್ಕಿಂತ ಹೆಚ್ಚಾಗಿ, ಮುಂದೆ ದಾರಿಯೇ ಇಲ್ಲ ಎಂಬ ಈ ಹತಾಶೆಯನ್ನೇ ಅಪಾಯದ ಗುರುತಾಗಿ ನೋಡಬೇಕೆಂದರು.

ಸ್ವಭಾವ ರಾತ್ರೋರಾತ್ರಿ ಬದಲಾಗುವುದಿಲ್ಲ. ನಿನ್ನ ಸುತ್ತಲಿನ ಏರ್ಪಾಡನ್ನು ಬದಲಾಯಿಸಬಹುದು. ಅದನ್ನು ಮಾಡಬೇಕಾದದ್ದು ಮನಸ್ಸು ಚೆನ್ನಾಗಿರುವ ದಿನದಲ್ಲಿ.

ತೋಟಕ್ಕೆ ಹೊಡೆಯುವ ಔಷಧಿಯನ್ನು ಮನೆಯೊಳಗೆ ಇಡಬೇಡಿ. ಬೇಕಾದಾಗ ಬೇಕಾದಷ್ಟೇ ತನ್ನಿ. ಉಳಿದರೆ ತೋಟದ ಮನೆಯಲ್ಲಿ ಬೀಗ ಹಾಕಿಡಿ, ಕೀಲಿ ಕಾಯಿಲೆ ಇರುವವನ ಕೈಯಲ್ಲಿ ಬೇಡ. ಇದು ಬರೀ ಬುದ್ಧಿವಾದ ಅನ್ನಿಸಬಹುದು. ಆದರೆ ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು 1995ರಿಂದ ಒಂದೊಂದಾಗಿ ನಿಲ್ಲಿಸಿದ ಮೇಲೆ ಹತ್ತು ವರ್ಷದಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಳಿಯಿತು. ಜನರ ಕಷ್ಟವೇನೂ ಅರ್ಧ ಆಗಿರಲಿಲ್ಲ. ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಕಡೆಯ ಹಳ್ಳಿಗಳಲ್ಲಿ ಊರಿಗೇ ಸೇರಿದ ಬೀಗದ ಕಪಾಟು ಕಟ್ಟಿ, ರೈತರೆಲ್ಲ ಔಷಧಿಯನ್ನು ಅಲ್ಲಿಯೇ ಇಡುವ ಪ್ರಯೋಗವನ್ನು ಡಾ. ಲಕ್ಷ್ಮೀ ವಿಜಯಕುಮಾರ್ ಮಾಡಿ ತೋರಿಸಿದ್ದಾರೆ. ನಮ್ಮ ಹಾಲಿನ ಡೇರಿ, ಸೊಸೈಟಿ ಕಟ್ಟಡಗಳಲ್ಲಿ ಇಂಥದ್ದೊಂದು ಕಪಾಟಿಗೆ ಜಾಗವಿಲ್ಲವೇ? ನಿಮ್ಮ ಯುವಕ ಸಂಘ ಗಣಪತಿ ಕೂರಿಸಲು ಚಂದಾ ಎತ್ತುವಷ್ಟೇ ಹುರುಪಿನಿಂದ ಇದನ್ನೂ ಮಾಡಲಿ.

ಮಾತ್ರೆಯ ಮಾತು. ಬೈಪೋಲಾರ್‌ಗೆ ಕೊಡುವ ಲಿಥಿಯಂ ಅನ್ನು ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಬಳಕೆಗೆ ತಂದರು. ಮನಸ್ಸಿನ ಏರಿಳಿತ ಹಿಡಿಯುವುದರ ಜೊತೆಗೆ ಆತ್ಮಹತ್ಯೆಯ ಅಪಾಯವನ್ನೂ ಅದು ತಗ್ಗಿಸುತ್ತದೆಂದು ಬಹಳ ಅಧ್ಯಯನಗಳು ತೋರಿಸಿವೆ. ಆದರೆ ಅದಕ್ಕೆ ಶಿಸ್ತು ಬೇಕು. ಕಾಲಕಾಲಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕು. ಬೇಸಿಗೆಯಲ್ಲಿ ವಾಂತಿ ಭೇದಿಯಾದರೆ, ಬಿಸಿಲಿನಲ್ಲಿ ಬೆವರಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಅದರ ಪ್ರಮಾಣ ಏರಿಬಿಡುತ್ತದೆ, ಆಗ ಡಾಕ್ಟರಿಗೆ ತಕ್ಷಣ ಫೋನ್ ಮಾಡಬೇಕು. ‘ಈಗ ಚೆನ್ನಾಗಿದ್ದೀನಿ’ ಎಂದು ನೀನೇ ದಿಢೀರನೆ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯ. ಖಿನ್ನತೆಯ ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ, ಅದರಲ್ಲೂ ಇಪ್ಪತ್ತೈದರ ಒಳಗಿನವರಿಗೆ, ಮನೆಯವರ ಕಣ್ಣಿರಬೇಕು. ಚಡಪಡಿಕೆ ಹೆಚ್ಚಾದರೆ ಕೂಡಲೇ ತಿಳಿಸಬೇಕು. ಇನ್ನೊಂದು ಸ್ಥಿತಿ ಇದೆ, ಬೈಪೋಲಾರ್‌ನಲ್ಲಿ ಬರುವಂಥದ್ದು. ಮನಸ್ಸು ಪಾತಾಳದಲ್ಲಿ, ಮೈಯಲ್ಲಿ ಮಾತ್ರ ನಿದ್ದೆಗೆಡಿಸುವ ಹುಚ್ಚು ಚೈತನ್ಯ. ಎರಡೂ ಕೂಡಿದ ಆ ದಿನಗಳು ಬಲು ಕೆಟ್ಟವು. ಆಗ ಹೆಂಡ ಮುಟ್ಟಬೇಡ. ತಡೆಯುವ ಕೆಲಸದ ಆ ಮೆದುಳಿನ ಮುಂಭಾಗವನ್ನು ಹೆಂಡ ಮೊದಲು ಮಲಗಿಸುತ್ತದೆ.

ನನ್ನ ತಮ್ಮ ಒಂದು ಹಾಳೆ ಬರೆದಿಟ್ಟುಕೊಂಡಿದ್ದಾನೆ. ಕಾಯಿಲೆ ತಿರುಗಿ ಬರುವಾಗಿನ ತನ್ನ ಗುರುತುಗಳು ಅದರಲ್ಲಿವೆ. ಬೆಳಗಿನ ಜಾವ ಎಚ್ಚರಾಗುವುದು, ಊಟ ಮುಂದೆ ತಳ್ಳುವುದು, ಹಳೇ ಜಗಳ ಕೆದಕುವುದು. ಅದರ ಕೆಳಗೆ ಒಬ್ಬನೇ ಇರದೆ ಎಲ್ಲಿಗೆ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು, ಯಾವ ಕೀಲಿಯನ್ನು ಯಾರಿಗೆ ಕೊಡಬೇಕು, ಯಾವ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದು ಬರೆದಿದ್ದಾನೆ. ಡಾಕ್ಟರು ಕೂರಿಸಿಕೊಂಡು ಬರೆಸಿದ್ದು. ಅಮೆರಿಕದಲ್ಲಿ ಆತ್ಮಹತ್ಯೆಯ ಯೋಚನೆಯಿಂದ ತುರ್ತು ಚಿಕಿತ್ಸೆಗೆ ಬಂದವರಿಗೆ ಇಂಥ ಹಾಳೆ ಬರೆಸಿ, ಆಮೇಲೂ ಫೋನ್ ಮಾಡಿ ವಿಚಾರಿಸಿದಾಗ, ಮುಂದಿನ ಆರು ತಿಂಗಳಲ್ಲಿ ಇಂಥ ಯತ್ನಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವೆಂದು 2018ರಲ್ಲಿ ವರದಿಯಾಯಿತು. ನೀನೂ ಬರೆ. ಒಂದು ಪ್ರತಿ ನಿನಗೆ, ಒಂದು ನಿನ್ನ ಅಕ್ಕನಿಗೋ ಗೆಳೆಯನಿಗೋ.

ಇನ್ನು ಗೆಳೆಯರಿಗೆ. ಅಟ್ಟದ ಮೇಲಿನ ಕಾಯಿ ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಕೈಗೆತ್ತಿಕೊಂಡು ಅಲ್ಲಾಡಿಸಿ ಕಿವಿಗೊಡಬೇಕು. ಮನುಷ್ಯನ ವಿಷಯದಲ್ಲೂ ಮುಖ ನೋಡಿ ತೀರ್ಮಾನ ಮಾಡಬೇಡ, ಕೇಳು. ‘ಸತ್ತೋಗಬೇಕು ಅಂತ ಏನಾದ್ರೂ ಅನ್ನಿಸ್ತಿದೆಯೇನೋ?’ ಎಂದು ನೇರವಾಗಿಯೇ ಕೇಳು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬುದು ಸುಳ್ಳು. ಎಷ್ಟೋ ಜನಕ್ಕೆ ಆ ಪ್ರಶ್ನೆಯಿಂದಲೇ ಎದೆ ಹಗುರಾಗುತ್ತದೆ. ಹೌದು ಎಂದರೆ ಅವನನ್ನು ಒಬ್ಬನೇ ಬಿಡಬೇಡ, ಬುದ್ಧಿ ಹೇಳಬೇಡ, ‘ಯಾರಿಗೂ ಹೇಳಲ್ಲ’ ಎಂದು ಆಣೆ ಇಡಬೇಡ. ಅಲ್ಲಿಂದಲೇ 14416ಕ್ಕೆ ಫೋನ್ ಮಾಡು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಬಿಟ್ಟಿ, ಕನ್ನಡದಲ್ಲೇ ಮಾತಾಡುತ್ತಾರೆ. ಜೀವಕ್ಕೆ ಈಗಲೇ ಅಪಾಯವಿದ್ದರೆ 108 ಆಂಬುಲೆನ್ಸ್.

ಡಾಕ್ಟರು ದೂರ ಎಂಬ ಮಾತು ಮೊದಲಿನಷ್ಟು ನಿಜವಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ದಿನ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ನಮ್ಮ ರಾಜ್ಯದ್ದೇ. ಹೋಗುವ ಮುನ್ನ ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ಖಚಿತ ಮಾಡಿಕೋ. ಪಕ್ಕದ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲೇ ಗುರುತಿಸಿ, ಅಲ್ಲಿಯೇ ಔಷಧಿ ಕೊಟ್ಟು, ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದಾರೆ. ತೆಂಗಿನ ಸೀಮೆಯ ಮನೆಗಳಲ್ಲೂ ಈ ಚಿಕಿತ್ಸೆ ನಡೆಯುತ್ತದೆಂದು ಅದರಿಂದ ಗೊತ್ತಾಗಿದೆ. ಹಾಗಿದ್ದೂ, ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆ ಇರುವವರಲ್ಲಿ ನೂರಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ದೇವರಿಗೆ ಹರಕೆ ಹೊತ್ತುಕೊಳ್ಳಿ, ಬೇಡ ಅನ್ನಲಾರೆ. ಮಾತ್ರೆ ನಿಲ್ಲಿಸಿ ಹರಕೆ ಹೊರಬೇಡಿ.

ಆತ್ಮಹತ್ಯೆಗೆ ಯತ್ನಿಸಿದವರನ್ನು ಆಸ್ಪತ್ರೆಗೆ ತಂದಾಗ, ಪೊಲೀಸ್ ಕೇಸು ಆಗುತ್ತದೆಂಬ ಭಯದಿಂದ ಸುಳ್ಳು ಹೇಳಿಸುವ ಮನೆಗಳಿವೆ. ಹಾಗೆ ಮುಚ್ಚಿಟ್ಟರೆ ಹೊಟ್ಟೆ ತೊಳೆದು ಮನೆಗೆ ಕಳಿಸುತ್ತಾರೆ, ಮನಸ್ಸಿನ ಕಾಯಿಲೆ ಹಾಗೇ ಉಳಿಯುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಸೆಕ್ಷನ್, ಇಂಥ ಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಶಿಕ್ಷೆ ಕೊಡದೆ ಆರೈಕೆ ಕೊಡಬೇಕು ಎನ್ನುತ್ತದೆ. ನಿಜ ಹೇಳಿ, ಮನೋವೈದ್ಯರಿಗೆ ತೋರಿಸಲೇಬೇಕೆಂದು ಪಟ್ಟು ಹಿಡಿಯಿರಿ.

ಹಾಗೆ ಆಸ್ಪತ್ರೆಯಿಂದ ಮರಳಿದವರ ಮನೆಗೆ ನಾವು ಒಂದು ಸಲ ಹೋಗಿ, ತಲೆ ತಗ್ಗಿಸಿ ಕೂತು ಎದ್ದು ಬಂದುಬಿಡುತ್ತೇವೆ. ಆಮೇಲೆ ರಸ್ತೆಯಲ್ಲಿ ಕಂಡರೂ ಮುಖ ತಪ್ಪಿಸುತ್ತೇವೆ. ಮರಳಿ ಬಂದ ಮೊದಲ ವಾರಗಳೇ ಅವರಿಗೆ ಹೆಚ್ಚು ಅಪಾಯದವು. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ಊರುಗಳಲ್ಲಿ ಇಂಥ 1,867 ಜನರ ಮೇಲೆ ಒಂದು ಪ್ರಯೋಗ ಮಾಡಿತು. ಅರ್ಧದಷ್ಟು ಜನಕ್ಕೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ ಒಂದು ಗಂಟೆ ಕೂತು ಮಾತು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನಿನಲ್ಲೋ ಮನೆಗೆ ಹೋಗಿಯೋ ‘ಹೇಗಿದ್ದೀಯ’ ಎಂದು ವಿಚಾರಣೆ. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೊದಲ ಗುಂಪಿನಲ್ಲಿ 18 ಜನ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು, ವಿಚಾರಿಸಿಕೊಂಡವರ ಗುಂಪಿನಲ್ಲಿ 2. ಅವರು ವಿಚಾರಿಸಿದ್ದು ಒಂದನೇ ವಾರ, ಎರಡನೇ ವಾರ, ನಾಲ್ಕು, ಏಳು, ಹನ್ನೊಂದನೇ ವಾರ, ಆಮೇಲೆ ನಾಲ್ಕನೇ ತಿಂಗಳು, ಆರನೇ ತಿಂಗಳು, ಹನ್ನೆರಡನೇ ತಿಂಗಳು, ಹದಿನೆಂಟನೇ ತಿಂಗಳು. ಈ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೋ ಮಗಾ. ಹೋದಾಗ ನಡೆದದ್ದನ್ನು ಕೆದಕಬೇಡ. ಮಾತ್ರೆ ತಗೊಂಡೆಯಾ, ರಾತ್ರಿ ನಿದ್ದೆ ಬಂತಾ, ಮುಂದಿನ ಸಲ ಡಾಕ್ಟರ ಹತ್ತಿರ ಯಾವತ್ತು ಹೋಗಬೇಕು, ನಾನು ಜೊತೆಗೆ ಬರಲಾ ಎಂದು ಕೇಳು.